ಹಿಡಿಯಬಾರದ ಮಣಿಕಟ್ಟು

ಗಾಲ್ಫ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಹುಡುಕಿಕೊಂಡು ಹೊಸಪೇಟೆಗೆ ಬರುವುದುಂಟು. ಬಂದವರು ಮೊದಲು ಕೇಳುವುದು ಲ್ಯಾಗ್ ಬಗ್ಗೆ. ಶಿಷ್ಯರಿಗೆ ಲ್ಯಾಗ್ ಹೇಗೆ ಕಲಿಸಬೇಕು ಸರ್ ಎನ್ನುತ್ತಾರೆ. ಕಲಿಸಬೇಡಿ ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಂಡು, ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹಾಗೆ ಎದ್ದು ಹೋದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು, ಬಡ್ತಿ ಎಷ್ಟು ಬಂತು ಎಂಬುದನ್ನು ಕಟ್ಟಿಕೊಂಡು ಯಾರಿಗೂ ಏನೂ ಆಗಬೇಕಾಗಿಲ್ಲ. ನಾನು ಮಾಡಿದ ಒಂದು ತಪ್ಪಿನಿಂದ ಅವರಿಗೆ ಉಪಯೋಗವಾದೀತು.

ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿಯದವರೂ ಇದನ್ನು ಓದಬಹುದು. ಅವರು ಎರಡು ಕೋಲುಗಳನ್ನು ನಡುವೆ ಒಂದು ಕೀಲು ಹಾಕಿ ಜೋಡಿಸಿದ್ದಾರೆ ಎಂದುಕೊಳ್ಳಲಿ. ಮೇಲಿನದು ನಮ್ಮ ತೋಳು, ಕೆಳಗಿನದು ಗಾಲ್ಫ್ ಕೋಲು, ನಡುವಿನ ಕೀಲು ಮಣಿಕಟ್ಟು. ಎತ್ತಿದ ತೋಳು ಕೆಳಗಿಳಿಯಲು ಶುರು ಮಾಡಿದಾಗ ಕೋಲು ತನ್ನ ಜಡತ್ವದಿಂದ ಹಿಂದೆ ಉಳಿಯುತ್ತದೆ. ಇದನ್ನು ಲ್ಯಾಗ್ ಎನ್ನುತ್ತಾರೆ. ಕೈಗಳು ಸೊಂಟದ ಕೆಳಗೆ ಬರುವ ಹೊತ್ತಿಗೆ ಕೋಲಿನ ತಲೆ ಹೊರಕ್ಕೆ ಚಿಮ್ಮಿ ಕೈಗಳನ್ನು ಹಿಂದೆ ಹಾಕುತ್ತದೆ. ಇದು ರಿಲೀಸ್, ಅಂದರೆ ಬಿಡುಗಡೆ. ಆ ಕ್ಷಣದಲ್ಲಿ ಕೈಗಳ ವೇಗ ತಗ್ಗುತ್ತದೆ, ಏಕೆಂದರೆ ತೋಳಿನಲ್ಲಿದ್ದ ಶಕ್ತಿ ಕೋಲಿನ ತುದಿಗೆ ದಾಟಿಹೋಗಿರುತ್ತದೆ. ಬಂಡಿ ಹೊಡೆಯುವವನು ಬಾರುಕೋಲು ಬೀಸುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಅವನ ಕೈ ನಿಂತಾಗಲೇ ಬಾರಿನ ತುದಿ ಛಟೀರೆನ್ನುವುದು.

ಇಷ್ಟನ್ನು ನಾನು ಕಪ್ಪು ಹಲಗೆಯ ಮೇಲೆ ಬಾಣ ಹಾಕಿ ಬರೆದು ತೋರಿಸುತ್ತಿದ್ದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನು. ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಕಡತಕ್ಕಿಂತ ಹೊರಗಿನ ಹುಲ್ಲೇ ಚೆನ್ನಾಗಿದೆ ಎಂದುಕೊಂಡು ಅಲ್ಲಿನ ಹಿರಿಯ ಕೋಚ್ ಒಬ್ಬರ ಕೈಕೆಳಗೆ ಕಲಿತೆ. ಅದಿರಿನ ಬೆಲೆ ಆಕಾಶಕ್ಕೆ ಏರಿದ ಆ ವರ್ಷಗಳಲ್ಲಿ ಸಂಡೂರಿನ ಆಚೆ ಗಣಿ ಕಂಪನಿಯೊಂದು ತನ್ನ ಅಧಿಕಾರಿಗಳಿಗೂ ಅದಿರು ಕೊಳ್ಳಲು ಬರುವ ವಿದೇಶಿಯರಿಗೂ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಮಾಡಿತು. ಕೋಚ್ ಬೇಕು ಎಂದರು. ಊರ ಸಮೀಪದ ಕೆಲಸ ಎಂದು ಓಡಿ ಬಂದೆ. ನಮ್ಮದು ಹೊಸಪೇಟೆಯ ಹಳೆಯ ವೈಷ್ಣವ ಮನೆತನ. ಏಕಾದಶಿ ತಪ್ಪಿಸದ ನಮ್ಮ ಅಮ್ಮನಿಗೆ ನನ್ನ ಕೆಲಸ ಏನೆಂದು ವಿವರಿಸಿ ಹೇಳಲು ಒಂದು ಮಧ್ಯಾಹ್ನವೇ ಬೇಕಾಯಿತು. ಪೂರ್ತಿ ಕೇಳಿ, “ವೆಂಕೋಬಾ, ಕೋಲು ತೊಗೊಂಡು ಚೆಂಡು ಹೊಡಿಯೋದಕ್ಕ ಪಗಾರ ಕೊಡ್ತಾರಂದ್ರ ಆ ಕಂಪನಿ ಭಾಳ ದಿನ ಬಾಳಂಗಿಲ್ಲ ಬಿಡು” ಎಂದಳು. ಅಮ್ಮನ ಮಾತು ಆಮೇಲೆ ಹೆಚ್ಚುಕಡಿಮೆ ನಿಜವೇ ಆಯಿತು, ಅದು ಬೇರೆ ಕಥೆ.

ಮೈದಾನ ಎಂದರೆ ಟೀವಿಯಲ್ಲಿ ಕಾಣುವ ಹಸಿರು ಕಂಬಳಿ ಅಲ್ಲ. ಕುಡಿಯುವ ನೀರಿಗೇ ಟ್ಯಾಂಕರ್ ಬರುವ ಕಡೆ ಹುಲ್ಲಿಗೆ ಎಲ್ಲಿಯ ನೀರು? ಕುಳಿಯ ಸುತ್ತಲಿನ ನುಣುಪು ಜಾಗಕ್ಕೆ ಮರಳು ಹರವಿ, ಹಳೆಯ ಎಂಜಿನ್ ಆಯಿಲ್ ಬೆರೆಸಿ ಮಟ್ಟ ಮಾಡುತ್ತಿದ್ದೆವು. ಇದಕ್ಕೆ ಬ್ರೌನ್ ಎಂದು ಹೆಸರು. ಒಬ್ಬರು ಆಡಿ ಹೋದ ಮೇಲೆ ಹೆಜ್ಜೆ ಗುರುತು ಅಳಿಸಲು ಹಲಗೆ ಎಳೆಯಬೇಕು, ಅದಕ್ಕೆಂದೇ ಗುತ್ತಿಗೆಯ ಹೆಣ್ಣಾಳುಗಳಿದ್ದರು. ಲಾರಿಗಳ ಧೂಳು ಬಂದು ಕೂತು ಬೆಳಿಗ್ಗೆ ಬಿಳಿಯಾಗಿದ್ದ ಚೆಂಡು ಹತ್ತು ಗಂಟೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಕೆಂಪು ನೆಲದ ಮೇಲೆ ಕೆಂಪು ಚೆಂಡನ್ನು ಹುಡುಕುತ್ತ ಚೀಫ್ ಇಂಜಿನಿಯರರೂ ನಾನೂ ಬಗ್ಗಿಕೊಂಡು ಅಲೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆ ಮೈದಾನವನ್ನು ನಾನು ತುಂಬ ಪ್ರೀತಿಸಿದೆ.

ನನ್ನ ಮೇಲಧಿಕಾರಿ ಕ್ಲಬ್ಬಿನ ಕಾರ್ಯದರ್ಶಿ, ಸೈನ್ಯದಿಂದ ನಿವೃತ್ತರಾದ ಕ್ಯಾಪ್ಟನ್ ಸಾಹೇಬರು. ಧಾರವಾಡದ ಕಡೆಯವರು. ಬೂಟಿಲ್ಲದೆ ಮೈದಾನಕ್ಕೆ ಕಾಲಿಟ್ಟವನು ಗಣಿಯ ಮಾಲೀಕನೇ ಆದರೂ ವಾಪಸ್ ಕಳಿಸುತ್ತಿದ್ದರು. ಒಮ್ಮೆ ನಾನೇ ಚಪ್ಪಲಿಯಲ್ಲಿ ಹೋಗಿ ಬೈಸಿಕೊಂಡಿದ್ದೇನೆ. ಆದರೆ ಬೈದ ದಿನ ಮಧ್ಯಾಹ್ನ ತಮ್ಮ ಡಬ್ಬಿಯಲ್ಲಿನ ಚಪಾತಿ, ಬದನೆಕಾಯಿ ಪಲ್ಯದಲ್ಲಿ ಅರ್ಧ ನನ್ನ ಮುಂದೆ ತಳ್ಳುವರು. ಈರುಳ್ಳಿ ಹಾಕಿಲ್ಲ, ತಿನ್ನಿ ಆಚಾರ್ರೆ ಎನ್ನುವರು. ಅಂಥ ಮೇಲಧಿಕಾರಿ ಸಿಗಲು ಪುಣ್ಯ ಬೇಕು.

ಇನ್ನು ನನ್ನ ಪ್ರಸಿದ್ಧ ಬಿದಿರಿನ ಪಟ್ಟಿಯ ವಿಷಯ. ದೊಡ್ಡ ಆಟಗಾರರ ಫೋಟೋಗಳಲ್ಲಿ ನಾನೊಂದು ಸಂಗತಿ ಗಮನಿಸಿದ್ದೆ. ಕೈಗಳು ಸೊಂಟದವರೆಗೆ ಇಳಿದಿದ್ದರೂ ಮಣಿಕಟ್ಟು ಇನ್ನೂ ಮಣಿದೇ ಇರುತ್ತದೆ, ಕೋಲು ಇನ್ನೂ ಮೇಲೇ ಇರುತ್ತದೆ. ಅಂದರೆ ಅವರು ಮಣಿಕಟ್ಟನ್ನು ಕೊನೆಯ ಗಳಿಗೆಯವರೆಗೆ ಹಿಡಿದಿಟ್ಟುಕೊಂಡಿದ್ದಾರೆ ಎಂದು ತೀರ್ಮಾನಿಸಿದೆ. ನಮ್ಮ ಶಿಷ್ಯರೋ, ಮೇಲಿನಿಂದಲೇ ಕೋಲನ್ನು ಚೆಲ್ಲಿಬಿಡುವರು. ಚೆಂಡಿನ ಹತ್ತಿರ ಬರುವ ಹೊತ್ತಿಗೆ ಶಕ್ತಿಯೆಲ್ಲ ಗಾಳಿಗೆ ಖರ್ಚಾಗಿರುತ್ತಿತ್ತು. ಅದಕ್ಕೆ ಒಂದು ಗೇಣುದ್ದದ ಬಿದಿರಿನ ಪಟ್ಟಿಯನ್ನು ಎಡಗೈಯ ಹೆಬ್ಬೆರಳಿನ ಕಡೆಯಿಂದ ಮುಂಗೈವರೆಗೆ ಬಟ್ಟೆಯಿಂದ ಬಿಗಿದು ಕಟ್ಟುವ ಉಪಾಯ ಕಂಡುಹಿಡಿದೆ. ಮಣಿಕಟ್ಟು ಬೇಕೆಂದರೂ ಬಿಚ್ಚಿಕೊಳ್ಳಬಾರದು. ದಿನಕ್ಕೆ ಐವತ್ತು ಸಲ ಹೀಗೆ ಕೋಲು ಇಳಿಸಬೇಕು, ಆಮೇಲೆ ಪಟ್ಟಿ ಬಿಚ್ಚಿ ಅದೇ ಬಿಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಡೆಯಬೇಕು. ಚೀಫ್ ಇಂಜಿನಿಯರ್ ಬಸವರಾಜಪ್ಪನವರು ಎರಡು ವರ್ಷ ಶ್ರದ್ಧೆಯಿಂದ ಪಟ್ಟಿ ಕಟ್ಟಿಕೊಂಡರು. ಅವರ ಆಟ ಸುಧಾರಿಸಲಿಲ್ಲ. ವಯಸ್ಸಾಯಿತಲ್ಲ, ಪಾಪ, ಎಂದು ನಾನು ಸಮಾಧಾನ ಮಾಡಿಕೊಂಡೆ.

ಫೋಟೋದಲ್ಲಿ ಕೈ ಎಲ್ಲಿದೆ ಎಂದು ಕಾಣುತ್ತದೆ, ಆ ಕೈ ಏನು ಮಾಡುತ್ತಿದೆ ಎಂದು ಕಾಣುವುದಿಲ್ಲ. ಇಷ್ಟು ಸಣ್ಣ ವಿಷಯ ಭೌತಶಾಸ್ತ್ರ ಓದಿದ ನನಗೆ ಹೊಳೆದಿರಲಿಲ್ಲ.

ಬ್ರೌನ್ ಎಳೆಯುವ ಹೆಣ್ಣಾಳುಗಳಲ್ಲಿ ಹುಲಿಗೆಮ್ಮ ಎಂಬವಳಿದ್ದಳು. ಮೂವತ್ತೈದರ ಆಜುಬಾಜು, ಕಪ್ಪು, ಎತ್ತರ, ಮಾತು ಕಡಿಮೆ, ಆಡಿದರೆ ಚುರುಕು. ಒಂದು ದಿನ ಬೆಳಿಗ್ಗೆ ನಾನು ಬಕೆಟ್ಟಿನಲ್ಲಿ ಚೆಂಡು ತೊಳೆಯುತ್ತಿದ್ದಾಗ ಮೈದಾನದ ನಡುವಿನ ಒಣ ಕಾಲುವೆಯ ಆಚೆಯಿಂದ ಒಂದು ಚೆಂಡು ಹಾರಿಬಂದು ಬಕೆಟ್ಟಿನಿಂದ ಎರಡು ಮಾರು ದೂರದಲ್ಲಿ ಬಿತ್ತು. ಹಿಂದೆಯೇ ಇನ್ನೊಂದು. ತಲೆ ಎತ್ತಿ ನೋಡಿದರೆ ಈಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರೋ ಎಸೆದ ಹಳೆಯ ಕೋಲು ಹಿಡಿದು ಮೂರನೆಯದಕ್ಕೆ ಸಿದ್ಧಳಾಗಿದ್ದಳು. ಓಡಿ ಹೋಗಿ ಏನಮ್ಮ ಇದು ಎಂದೆ. ಕಾಣೆಯಾಗಿದ್ದ ಚೆಂಡುಗಳು ಸಿಕ್ಕವಂತೆ. “ಸುತ್ತು ಹಾಕ್ಕಂಡು ಬರಾದ್ರಾಗ ತಲಿ ಸುಡ್ತೈತ್ರಿ ಸರ. ಅದಕ್ಕ ಹೊಡ್ದು ಕಳಿಸ್ದೆ” ಎಂದಳು.

ಎಲ್ಲಿ ಕಲಿತೆ ಎಂದು ಕೇಳಿದರೆ ಕಲಿಯುವುದು ಏನಿದೆ ಎಂಬಂತೆ ನೋಡಿದಳು. ಯಂತ್ರಗಳು ಬರುವ ಮುಂಚೆ ಗಣಿಯಲ್ಲಿ ಅದಿರಿನ ಗಟ್ಟಿಗಳನ್ನು ಒಡೆಯುತ್ತಿದ್ದಳಂತೆ. ಹೆಂಗಸರಿಗೆ ಸಣ್ಣ ಸುತ್ತಿಗೆ, ಗಂಡಸರಿಗೆ ಉದ್ದ ಕಾವಿನ ದೊಡ್ಡದು. ದೊಡ್ಡದು ಹಿಡಿದರೆ ಕೂಲಿ ಹೆಚ್ಚೆಂದು ಇವಳು ಅದನ್ನೇ ಹಿಡಿದಿದ್ದಳು, ಹತ್ತು ವರ್ಷ. ಕ್ರಷರ್ ಬಂದ ವಾರವೇ ಎಲ್ಲರನ್ನೂ ಬಿಡಿಸಿದರು. ಅಲ್ಲಿಂದ ಗುತ್ತಿಗೆದಾರನ ಹಿಂದೆ ನಮ್ಮ ಮೈದಾನಕ್ಕೆ ಬಂದಿದ್ದಳು.

ನಾನು ಈ ಸುದ್ದಿಯನ್ನು ಕ್ಯಾಪ್ಟನ್ ಸಾಹೇಬರಿಗೆ ಮುಟ್ಟಿಸಿದ್ದೇ ತಡ, ಅವರ ತಲೆ ಓಡಿತು. ಅಧಿಕಾರಿಗಳ ಹೆಂಡತಿಯರು ಗಾಲ್ಫ್ ಕಲಿಯಬೇಕೆಂದು ಹೇಳುತ್ತಲೇ ಇದ್ದರು, ಆದರೆ ಗಂಡಸು ಕೋಚ್ ಕೈ ಹಿಡಿದು ಹೇಳಿಕೊಡುವುದು ಅವರಿಗೂ ಮುಜುಗರ, ನನಗೂ ಮುಜುಗರ. ಸಾಹೇಬರು ಹೆಂಗಸರಿಗೆಂದು ಒಬ್ಬ ಸಹಾಯಕಿಯ ಕಾಯಂ ಹುದ್ದೆ ಕೇಳಿ ಪಡೆದರು. ಹುಲಿಗೆಮ್ಮನ ಹೆಸರು ಹೇಳಿದಾಗ ಕ್ಲಬ್ಬಿನ ಸಮಿತಿಯಲ್ಲಿ ಕೆಲವರು ಮೂಗು ಮುರಿದರು. ಕಡೆಗೆ ಒಂದು ಪರೀಕ್ಷೆ ಎಂದಾಯಿತು. ಏಳನೆಯ ಕುಳಿಯ ದಾರಿಯಲ್ಲಿ ಒಂದು ಹಳೆಯ ಗಣಿಗುಂಡಿ ಮಳೆನೀರು ತುಂಬಿ ಕೆರೆಯಂತಾಗಿತ್ತು. ಸಮಿತಿಯ ಮುಂದೆ ಐದು ಚೆಂಡು ಹೊಡೆಯಬೇಕು, ಮೂರು ನೀರು ದಾಟಬೇಕು. ಮೂರು ವಾರ ಸಮಯ.

ಅದೇ ತಿಂಗಳ ಕೊನೆಗೆ ಗುತ್ತಿಗೆ ಬದಲಾಗುವುದಿತ್ತು. ಹೊಸ ಗುತ್ತಿಗೆದಾರ ಮರಿಯಮ್ಮನಹಳ್ಳಿಯವನು, ತನ್ನ ಆಳುಗಳನ್ನೇ ತರುವವನು. ಈ ಹುದ್ದೆ ಸಿಗದಿದ್ದರೆ ಹುಲಿಗೆಮ್ಮ ಎರಡನೆಯ ಸಲ ಬೀದಿಗೆ ಬೀಳುವವಳು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆ ದಿನವೇ ಪರೀಕ್ಷೆ ಇಟ್ಟಿದ್ದರೆ ಐದಕ್ಕೆ ಐದೂ ದಾಟಿಸುತ್ತಿದ್ದಳು. ಆದರೆ ನಾನು ಕೋಚ್, ಸುಮ್ಮನೆ ಇರಲಾದೀತೇ? ಇರಲಾರದೆ ಇರುವೆ ಬಿಟ್ಟುಕೊಂಡೆ. ಆಗಷ್ಟೇ ಬಸವರಾಜಪ್ಪನವರು ಒಂದು ವಿಡಿಯೊ ಕ್ಯಾಮೆರಾ ತರಿಸಿದ್ದರು. ಅದರಲ್ಲಿ ಅವಳ ಹೊಡೆತ ಸೆರೆ ಹಿಡಿದು, ಕ್ಲಬ್ಬಿನ ಟೀವಿಗೆ ಜೋಡಿಸಿ, ಸೊಂಟದ ಹತ್ತಿರ ಚಿತ್ರ ನಿಲ್ಲಿಸಿದೆ. ಮಣಿಕಟ್ಟು ಸೊಗಸಾಗಿ ಮಣಿದಿತ್ತು. ಯಾವ ಫೋಟೋಕ್ಕೂ ಕಡಿಮೆ ಇಲ್ಲದ ಲ್ಯಾಗ್. ನನ್ನ ಸಂತೋಷ ಹೇಳತೀರದು. ಇದನ್ನೇ ಇನ್ನು ಒಂದಿಷ್ಟು ಹೊತ್ತು ಹಿಡಿದರೆ ಇನ್ನೂ ಹತ್ತು ಗಜ ಹೆಚ್ಚು ಹೋಗುತ್ತದೆ, ಸಮಿತಿಯವರು ಬಾಯಿ ಬಿಡಬೇಕು ಎಂದು ಲೆಕ್ಕ ಹಾಕಿ, ಅವಳ ಕೈಗೂ ಬಿದಿರಿನ ಪಟ್ಟಿ ಕಟ್ಟಿದೆ. ಕಪ್ಪು ಹಲಗೆಯ ಮುಂದೆ ಕೂರಿಸಿ ಎರಡು ಕೋಲು, ಒಂದು ಕೀಲು, ಬಾಣ, ಎಲ್ಲ ಬರೆದೆ. ಅವಳು ಕೈಕಟ್ಟಿ ಕೂತು ಹ್ಞೂಂ ಸರ, ಹ್ಞೂಂ ಸರ ಎಂದಳು.

ಮೊದಲ ವಾರ ಚೆಂಡು ಬಲಕ್ಕೆ ತಿರುಗಲು ಶುರುವಾಯಿತು. ಹೊಸತರಲ್ಲಿ ಹಾಗೆಯೇ ಎಂದೆ. ಎರಡನೆಯ ವಾರ ಮೇಲೇಳುವುದೇ ಕಡಿಮೆಯಾಯಿತು. ಐವತ್ತನ್ನು ನೂರು ಮಾಡು ಎಂದೆ. ಮೂರನೆಯ ವಾರ ಕೋಲು ಚೆಂಡಿಗಿಂತ ಮೊದಲು ನೆಲಕ್ಕೆ ಬಡಿಯುತ್ತಿತ್ತು. ಹಲಗೆ ಎಳೆಯುವಾಗ ಅವಳು ಎಡಗೈ ಬಿಟ್ಟು ಬಲಗೈಯಲ್ಲಿ ಎಳೆಯುವುದು ಕಂಡಿತು, ಕಂಡರೂ ಅರ್ಥವಾಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ, ಆದರೂ ಇನ್ನೊಂದಿಷ್ಟು ಅಭ್ಯಾಸವಾದರೆ ಕೂಡಿಬರುತ್ತದೆ ಎಂದೇ ನಂಬಿದ್ದೆ. ಪರೀಕ್ಷೆಯ ಹಿಂದಿನ ದಿನ ರಾಯರಿಗೆ ಹೂವು ಏರಿಸಿ ಬಂದೆ. ತಪ್ಪು ನನ್ನದಾಗಿರುವಾಗ ರಾಯರು ತಾನೇ ಏನು ಮಾಡಿಯಾರು?

ಪರೀಕ್ಷೆಯ ಬೆಳಿಗ್ಗೆ ಬಸವರಾಜಪ್ಪನವರೂ ಸೇರಿ ಸಮಿತಿಯ ನಾಲ್ವರು ಕುರ್ಚಿ ಹಾಕಿಸಿಕೊಂಡು ಕೂತರು. ಕ್ಯಾಪ್ಟನ್ ಸಾಹೇಬರು ನಿಂತೇ ಇದ್ದರು. ಹುಲಿಗೆಮ್ಮನಿಗೆ ಕ್ಲಬ್ಬಿನವರು ಬೂಟು ಕೊಡಿಸಿದ್ದರು, ಸೀರೆಯ ಕೆಳಗೆ ಅದು ಅವಳಿಗೂ ನೆಲಕ್ಕೂ ಒಗ್ಗದಂತೆ ಕಾಣುತ್ತಿತ್ತು. ಮೊದಲನೆಯ ಚೆಂಡು ಬಲಕ್ಕೆ ತೆವಳಿಕೊಂಡು ಹೋಗಿ ನೀರಿಗೆ ಬಿತ್ತು. ಎರಡನೆಯದಕ್ಕೆ ಕೋಲು ಅರ್ಧ ಅಡಿ ಹಿಂದೆ ನೆಲಕ್ಕೆ ಅಪ್ಪಳಿಸಿತು. ಚೆಂಡು ದಡದಲ್ಲೇ ಎರಡು ಪುಟ ನೆಗೆದು ಮುಳುಗಿತು. ಆ ಹೊಡೆತಕ್ಕೆ, ಹೊಡೆಯುವ ಜಾಗ ಗುರುತಿಸಲು ನೆಟ್ಟಿದ್ದ ಮರದ ಗೂಟ ಸಡಿಲವಾಗಿ ವಾಲಿತು. ಇನ್ನು ಉಳಿದ ಮೂರೂ ದಾಟಬೇಕು.

ಗೂಟ ಸರಿಮಾಡಿಸಿ ಎಂದರು ಕ್ಯಾಪ್ಟನ್ ಸಾಹೇಬರು. ಬೇರೆ ಯಾರಾದರೂ ಏಳುವ ಮೊದಲೇ ಹುಲಿಗೆಮ್ಮ ಗಾಲ್ಫ್ ಕೋಲು ಕೆಳಗಿಟ್ಟು, ಸಾಮಾನಿನ ಗಾಡಿಯಿಂದ ಉದ್ದ ಕಾವಿನ ಸುತ್ತಿಗೆ ತೆಗೆದುಕೊಂಡಳು. ದಿನವೂ ಅವಳೇ ಮಾಡುವ ಕೆಲಸ ಅದು. ಮೂರು ಏಟು ಹಾಕಿದಳು.

ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಕೈಗಳು ಇಳಿದವು, ಸುತ್ತಿಗೆ ಹಿಂದೆ ಉಳಿಯಿತು. ಅವಳು ಅದನ್ನು ಹಿಡಿದಿಟ್ಟುಕೊಂಡಿರಲಿಲ್ಲ, ಬೆರಳುಗಳು ಕಾವಿನ ಮೇಲೆ ಸುಮ್ಮನೆ ಸುತ್ತಿಕೊಂಡಿದ್ದವು ಅಷ್ಟೆ. ಕೈಗಳು ಸೊಂಟ ದಾಟಿದ್ದೇ ನಿಧಾನವಾದವು, ಸುತ್ತಿಗೆಯ ತಲೆ ತಾನಾಗಿ ಅವನ್ನು ದಾಟಿ ಮುಂದೆ ಓಡಿ ಗೂಟದ ಮೇಲೆ ಕೂತಿತು. ನಾನು ಹಲಗೆಯ ಮೇಲೆ ನೂರು ಸಲ ಬರೆದ ಬಾಣಗಳೆಲ್ಲ ಅಲ್ಲಿದ್ದವು. ಕೋಲಿನ ಭಾರವೇ ಲ್ಯಾಗನ್ನು ಉಂಟುಮಾಡುತ್ತದೆ, ಕೋಲಿನ ವೇಗವೇ ಅದನ್ನು ಬಿಡಿಸುತ್ತದೆ. ಮಣಿಕಟ್ಟು ಕೀಲು ಮಾತ್ರ, ಕೀಲಿನ ಕೆಲಸ ತಿರುಗುವುದು. ತಿರುಗಬೇಕಾದ ಕೀಲಿಗೆ ನಾನು ಬಿದಿರು ಕಟ್ಟಿ ಬೀಗ ಹಾಕಿದ್ದೆ. ಈ ಹೆಂಗಸಿನ ಅನ್ನ ಕಿತ್ತುಕೊಳ್ಳುತ್ತಿರುವವನು ಹೊಸ ಗುತ್ತಿಗೆದಾರನಲ್ಲ, ನಾನು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಾಪ, ಸಮಿತಿ ನೋಡಿ ಹೆದರಿದಳು ಎಂದು ಎಲ್ಲರೂ ನಂಬುತ್ತಿದ್ದರು. ಎದುರಿಗೆ ಕೂತವರಲ್ಲಿ ಇಬ್ಬರು ನನ್ನ ಪಟ್ಟಿಯ ಶಿಷ್ಯರು. ಒಂದು ಗಳಿಗೆ ನಾನೂ ಸುಮ್ಮನಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮುಂದೆ ಹೋದೆ.

“ಹುಲಿಗೆಮ್ಮ, ನಾ ಹೇಳಿಕೊಟ್ಟದ್ದು ತಪ್ಪು ಅದ. ಪಟ್ಟಿ ಮರ್ತುಬಿಡು. ಈಗ ಗೂಟ ಹೊಡದ್ಯಲ್ಲ, ಹಂಗ ಹೊಡಿ.”

ಬಸವರಾಜಪ್ಪನವರು ಕುರ್ಚಿಯಿಂದ ಮುಂದೆ ಬಾಗಿದರು. “ಅಲ್ರೀ ಆಚಾರ್ರೆ, ನಮಗೂ ಅದನ್ನ ಕಲಿಸೀರಲ್ರಿ?”

“ನಿಮಗೂ ತಪ್ಪೇ ಕಲಿಸೀನ್ರಿ ಸಾಹೇಬ್ರ” ಎಂದೆ.

ಹುಲಿಗೆಮ್ಮ ನನ್ನನ್ನು ಒಮ್ಮೆ ನೋಡಿದಳು. ಬಗ್ಗಿ ಬೂಟು ಬಿಚ್ಚಿ ಪಕ್ಕಕ್ಕಿಟ್ಟಳು. ಕ್ಯಾಪ್ಟನ್ ಸಾಹೇಬರು ಸರಕ್ಕನೆ ಬೆನ್ನು ತಿರುಗಿಸಿ ಗುಡ್ಡದ ಕಡೆ ನೋಡುತ್ತ ನಿಂತರು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವಳು ಕೆಂಪು ಮಣ್ಣು ತೆಗೆದು ಅಂಗೈಗೆ ಉಜ್ಜಿಕೊಂಡು ಕೋಲು ಹಿಡಿದಳು. ಮೂರನೆಯದು ನೀರು ದಾಟಿ ಅಷ್ಟು ದೂರ ಹೋಗಿ ಬಿತ್ತು. ನಾಲ್ಕನೆಯದೂ ಹಾಗೆಯೇ. ಐದನೆಯದನ್ನು ಹೊಡೆಯುವ ಮುಂಚೆ ಎಡ ಮಣಿಕಟ್ಟು ಸವರಿಕೊಂಡಳು. ಹೊಡೆತ ಕೊಂಚ ಕೆಳಗಿತ್ತು. ಚೆಂಡು ಆಚೆ ದಡದ ಅಂಚಿಗೆ ತಾಗಿ, ಬೀಳಲೋ ಬೇಡವೋ ಎಂದು ಯೋಚಿಸಿ, ಮೇಲಕ್ಕೆ ನೆಗೆಯಿತು. ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅತ್ತೆ. ವಯಸ್ಸಾದ ಗಂಡಸು ಮೈದಾನದ ನಡುವೆ ಅಳಬಾರದು ಎಂದು ಏನಾದರೂ ನಿಯಮವಿದ್ದರೆ ಅಂದು ಅದನ್ನು ಮುರಿದೆ.

ಕಂಪನಿ ಬಾಗಿಲು ಹಾಕುವವರೆಗೂ ಹುಲಿಗೆಮ್ಮ ಆ ಹುದ್ದೆಯಲ್ಲಿದ್ದಳು. ಆಮೇಲೆ ತೋರಣಗಲ್ಲಿನ ಕಡೆ ಇನ್ನೊಂದು ಕ್ಲಬ್ಬಿನವರು ಅವಳನ್ನು ಕರೆದುಕೊಂಡರು. ಅಧಿಕಾರಿಗಳ ಹೆಂಡತಿಯರಿಗೆ ಅವಳು ಮೊದಲ ತಿಂಗಳು ಚೆಂಡನ್ನೇ ತೋರಿಸುತ್ತಿರಲಿಲ್ಲ, ಬರೀ ಗೂಟ ಹೊಡೆಸುತ್ತಿದ್ದಳು. ನನಗಿಂತ ಒಳ್ಳೆಯ ಕೋಚ್ ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನ ಅವಳು ಎಂದಿನಂತೆ ಬಕೆಟ್ಟಿನ ಮುಂದೆ ಕೂತು ಚೆಂಡು ತೊಳೆಯುತ್ತಿದ್ದಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಕ್ಷಮಿಸು ಎನ್ನಬೇಕೆಂದು ಹೋದವನು, ಅದು ಬಾಯಿಗೆ ಬಾರದೆ, ನನ್ನ ಪಾಠ ತಪ್ಪೆಂದು ಯಾವಾಗ ತಿಳಿಯಿತು ಎಂದು ಕೇಳಿದೆ.

“ಪಟ್ಟಿ ಕಟ್ಟಿದ ದಿನಾನ ಗೊತ್ತಾತ್ರಿ. ಸುತ್ಗಿ ಹಂಗ ಬಿಗಿ ಹಿಡದ್ರ ಮುಂಗೈ ಉಳಿಯಂಗಿಲ್ರಿ.”

“ಮತ್ತ ಯಾಕ ಹೇಳ್ಲಿಲ್ಲ? ನಿನ್ನ ನೌಕರಿ ಹೋಗ್ತಿತ್ತಲ್ಲ.”

ಅವಳು ಕೈಯಲ್ಲಿದ್ದ ಚೆಂಡನ್ನು ತಿರುಗಿಸಿ ತಿರುಗಿಸಿ ಒರೆಸಿ ಬುಟ್ಟಿಗೆ ಹಾಕಿದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

“ಮೂರು ವಾರ ದಿನಾ ಅಷ್ಟೆಲ್ಲಾ ಹೇಳಿದ್ರಿ. ಒಂದಿನಾನೂ ಕೇಳ್ಲಿಲ್ಲಲ್ರಿ ಸರ.”

ಮರುದಿನ ಬೆಳಿಗ್ಗೆ ಪಾಠಕ್ಕೆ ಬಂದ ಬಸವರಾಜಪ್ಪನವರನ್ನು, ಪಟ್ಟಿ ಕಟ್ಟಿಕೊಂಡಾಗ ನಿಮಗೆ ಹೇಗಾಗುತ್ತಿತ್ತು ಎಂದು ಕೇಳಿದೆ. ಅವರು ಎಡಗೈ ಮುಂದೆ ಚಾಚಿದರು. ಮಣಿಕಟ್ಟು ಸಣ್ಣಗೆ ಊದಿಕೊಂಡಿತ್ತು. ಎರಡು ವರ್ಷದಿಂದ ನೋಯುತ್ತಿದೆ ಎಂದರು.